ಬೋರ್ಡ್ ತೆಗೆದರೆ ಲೆಕ್ಕ ಹೋಗುತ್ತದೆಯೇ?

ಸಂಪಾದಕರಿಗೆ ನಮಸ್ಕಾರ.

ದಾವಣಗೆರೆಯಲ್ಲಿ 22 ವರ್ಷದಿಂದ ಒಂದು ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ. ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ. ನಾನು, ನನ್ನ ಹೆಂಡತಿ, ಸಂಜೆ ಹೊತ್ತು ಒಬ್ಬ ಹುಡುಗ, ಇಷ್ಟೇ ಜನ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಕತ್ತರಿಸಿಕೊಳ್ಳಿ, ಬೇಜಾರಿಲ್ಲ.

ಸಣ್ಣ ವ್ಯಾಪಾರಿಗಳು ತಂತ್ರಜ್ಞಾನ ಬಳಸಿ ಖರ್ಚು ಕಡಿಮೆ ಮಾಡಿಕೊಳ್ಳಬೇಕು ಅಂತ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಯಾವ ತಂತ್ರಜ್ಞಾನ, ಯಾವ ಖರ್ಚು ಅಂತ ಬಿಡಿಸಿ ಹೇಳುವವರು ಕಡಿಮೆ. ಇತ್ತ ನೋಡಿದರೆ 2025ರ ಜುಲೈನ ನೋಟಿಸ್ ಗಲಾಟೆ ಆದ ಮೇಲೆ ನಮ್ಮ ಸಾಲಿನಲ್ಲೇ ಕೆಲವರು ಕ್ಯೂಆರ್ ಬೋರ್ಡ್ ಕಿತ್ತು ಗಲ್ಲಾದ ಕೆಳಗೆ ಇಟ್ಟರು. ಕೆಲವು ಬೋರ್ಡು ಇನ್ನೂ ಅಲ್ಲೇ ಇವೆ. ಅದನ್ನು ನೋಡಿಯೇ ಈ ಪತ್ರ.

ಆ ಗಲಾಟೆ ಓದುಗರಿಗೆ ನೆನಪಿರಬಹುದು. ವಾಣಿಜ್ಯ ತೆರಿಗೆ ಇಲಾಖೆಯವರು 2021-22ರಿಂದ ನಾಲ್ಕು ವರ್ಷದ ಯುಪಿಐ ಜಮಾ ತೆಗೆದು ನೋಡಿ, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದವರಿಗೆ ನೋಟಿಸ್ ಕಳಿಸಿದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟಿ ಅಂತ ಬಂದ ಸುದ್ದಿ ಎಲ್ಲ ಪತ್ರಿಕೆಯಲ್ಲೂ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಅಂತ ಚೀಟಿ ಅಂಟಿಸಿದರು. 25ಕ್ಕೆ ಬಂದ್ ಕರೆ ಕೊಟ್ಟರು. 23ಕ್ಕೆ ಮುಖ್ಯಮಂತ್ರಿಗಳ ಜೊತೆ ಮಾತುಕತೆ ಆಗಿ, ಹಳೇ ಬಾಕಿ ವಸೂಲಿ ಮಾಡಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂತ ಆಯಿತು.

ನನಗೆ ನೋಟಿಸ್ ಬರಲಿಲ್ಲ. ಆದರೆ ಆ ವಾರ ನಿದ್ದೆಯೂ ಬರಲಿಲ್ಲ.

ಮೂರು ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನು, ನನ್ನ ಹೆಂಡತಿ ಇಬ್ಬರೂ ಬ್ಯಾಂಕ್ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತೆವು. ಕೆಂಪು ಪೆನ್ನು, ನೀಲಿ ಪೆನ್ನು. ನನ್ನ ಕ್ಯೂಆರ್ ಇದ್ದಿದ್ದು ಮನೆಯ ಉಳಿತಾಯ ಖಾತೆಗೆ. ಅದರೊಳಗೆ ಏನೇನಿತ್ತು ಗೊತ್ತಾ? ಸಕ್ಕರೆ, ಸೋಪು, ಬೇಳೆ ಮಾರಿದ ದುಡ್ಡು ಸರಿ. ಅದರ ಜೊತೆ ಚೀಟಿ ಎತ್ತಿದ ದುಡ್ಡು, ತಮ್ಮ ವಾಪಸ್ ಕೊಟ್ಟ ಸಾಲ, ತಂಗಿ ಮಗನ ಕಾಲೇಜ್ ಫೀಸಿಗೆ ಅಂತ ಬಂದು ಹೋದ 60 ಸಾವಿರ. ಇನ್ನೊಂದು ಇದೆ, ಕಿರಾಣಿ ಅಂಗಡಿಯವರಿಗೆ ಮಾತ್ರ ಅರ್ಥ ಆಗುವುದು. "ಅಣ್ಣಾ, 500 ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡ್ರಿ." ಹತ್ತಿರದ ಎಟಿಎಂನಲ್ಲಿ ದುಡ್ಡಿಲ್ಲ ಅಂದರೆ ನಾವೇ ಎಟಿಎಂ. ದಿನಕ್ಕೆ ನಾಲ್ಕೈದು ಜನ. ಗಿರಾಕಿ ಹೋಗಬಾರದು ಅಂತ ಕೊಡುತ್ತಿದ್ದೆ, ಒಂದು ಪೈಸೆ ಲಾಭ ಇಲ್ಲ. ಸ್ಟೇಟ್‌ಮೆಂಟಿನಲ್ಲಿ ಮಾತ್ರ ಅದೂ ವ್ಯಾಪಾರವೇ. ಕೂಡಿಸಿ ನೋಡಿದರೆ ವರ್ಷಕ್ಕೆ ಐದಾರು ಲಕ್ಷ ಬರೀ ಚಿಲ್ಲರೆ ಬದಲಾಯಿಸಿಕೊಟ್ಟಿದ್ದೇನೆ.

ನಮ್ಮಪ್ಪ ಚೌಕಿಪೇಟೆಯ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದರು. ರೋಕಡ ಪುಸ್ತಕ ಬರೆಯುತ್ತಿದ್ದರು, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ರಾತ್ರಿ ಎರಡೂ ತಾಳೆ ಆಗದೆ ಎದ್ದವರಲ್ಲ. ಯುಪಿಐ ಬಂದ ಮೇಲೆ ನಮಗೆ ಆಗಿದ್ದೇನು ಅಂದರೆ, ಎಡಗಡೆ ಪುಟ ತಾನಾಗಿ ಬರೆದುಕೊಂಡು ಹೋಯಿತು, ಅದೂ ನಮ್ಮ ಮನೆಯಲ್ಲಲ್ಲ, ಬ್ಯಾಂಕಿನಲ್ಲಿ. ಬಲಗಡೆ ಪುಟ ನಾವು ಬರೆಯುವುದನ್ನೇ ಬಿಟ್ಟೆವು. ಚೌಕಿಪೇಟೆಯಿಂದ ಮಾಲು ತಂದ ಬಿಲ್ಲು ಸರಕ್ಕೆ ಚುಚ್ಚಿ ಇಡುತ್ತಿದ್ದೆ, ತುಂಬಿದ ಮೇಲೆ ಒಲೆಗೆ. ಎಷ್ಟು ಬಂತು ಅಂತ ಸರ್ಕಾರಕ್ಕೂ ಗೊತ್ತು, ಎಷ್ಟು ಹೋಯಿತು ಅಂತ ನನಗೂ ಗೊತ್ತಿಲ್ಲ. ಇಂಥ ಅರ್ಧ ಪುಸ್ತಕ ಇಟ್ಟುಕೊಂಡು ನೋಟಿಸಿಗೆ ಏನಂತ ಉತ್ತರ ಕೊಡುವುದು?

ಬೋರ್ಡ್ ತೆಗೆದರೆ ಇದು ಸರಿಹೋಗಲ್ಲ. ನಗದಾದರೂ ಯುಪಿಐ ಆದರೂ ಮಾರಿದ್ದು ಮಾರಿದ್ದೇ, ಎರಡೂ ಸೇರಿಸಿಯೇ ಲೆಕ್ಕ ಅಂತ ಇಲಾಖೆ ಆಗಲೇ ಹೇಳಿದೆ. ಮಾಲು ಮಾರುವವರಿಗೆ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ನಲವತ್ತು ಲಕ್ಷ ಅಂದರೆ ದೊಡ್ಡದು ಅನ್ನಿಸುತ್ತದೆ. 365 ದಿನಕ್ಕೆ ಭಾಗಿಸಿ ನೋಡಿ, ದಿನಕ್ಕೆ 11 ಸಾವಿರ ಕೂಡ ಆಗಲ್ಲ. ಸ್ವಲ್ಪ ಓಡುವ ಕಿರಾಣಿ ಅಂಗಡಿಯಲ್ಲಿ ಸಂಜೆ ಏಳಕ್ಕೆ ಅಷ್ಟು ಆಗಿರುತ್ತದೆ, ಅದರಲ್ಲಿ ನಮಗೆ ಉಳಿಯುವುದು ಏಳೆಂಟು ನೂರು, ಅದು ಬೇರೆ ಮಾತು. ಇನ್ನೊಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಓಡಾಡುತ್ತಿದೆ. ಹಾಲು, ತರಕಾರಿ, ಬಿಡಿ ಅಕ್ಕಿಗೆ ತೆರಿಗೆ ಇಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೆ ತಗೊಳ್ಳಬೇಕಾಗಿಲ್ಲ ಅಂತ. ಬರೀ ಅಂಥ ಮಾಲನ್ನೇ ಮಾರುವವರಿಗೆ ನೋಂದಣಿ ಬೇಡ, ನಿಜ. ಆದರೆ ಅದರ ಪಕ್ಕದಲ್ಲಿ ಸೋಪು, ಶಾಂಪೂ ಇಟ್ಟರೆ 40 ಲಕ್ಷದ ಮಿತಿ ನೋಡುವಾಗ ಹಾಲೂ ಸೇರುತ್ತದೆ, ಅಕ್ಕಿಯೂ ಸೇರುತ್ತದೆ.

ಮಿತಿ ದಾಟಿದರೆ ಆಕಾಶ ಕಳಚಿ ಬೀಳಲ್ಲ. ಕಾಂಪೊಸಿಷನ್ ಅಂತ ಒಂದು ದಾರಿ ಇದೆ, ಒಂದೂವರೆ ಕೋಟಿವರೆಗೆ. ನಮ್ಮಂಥ ಅಂಗಡಿಗೆ ತೆರಿಗೆ ಇರುವ ಮಾಲಿನ ಮಾರಾಟದ ಮೇಲೆ ನೂರಕ್ಕೆ ಒಂದು. ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಮ್ಮೆ ರಿಟರ್ನ್. ಗಿರಾಕಿಯಿಂದ ಬೇರೆಯಾಗಿ ತೆರಿಗೆ ಕೇಳುವಂತಿಲ್ಲ, ಹೊರ ರಾಜ್ಯಕ್ಕೆ ಮಾಲು ಮಾರುವಂತಿಲ್ಲ. ನಾನು ಹರಿಹರದ ಆಚೆಗೇ ಮಾರಿದವನಲ್ಲ, ನನಗೇನು ತೊಂದರೆ? ಆದರೆ ತೆರಿಗೆ ಇರುವ ಮಾಲು ಎಷ್ಟು, ಇಲ್ಲದ್ದು ಎಷ್ಟು ಅಂತ ಬೇರೆ ಮಾಡಿ ತೋರಿಸಬೇಕಲ್ಲ. ಅದನ್ನು ಬಾಯಲ್ಲಿ ಹೇಳಲು ಆಗಲ್ಲ. ಅಲ್ಲಿಂದ ನನ್ನ 'ತಂತ್ರಜ್ಞಾನ' ಶುರು.

ಮೊದಲು ಮಾಡಿದ ಕೆಲಸಕ್ಕೆ ಹೆಚ್ಚು ಖರ್ಚೇ ಇಲ್ಲ. ಅಂಗಡಿ ಹೆಸರಲ್ಲಿ ಕರೆಂಟ್ ಖಾತೆ ತೆರೆದು ಕ್ಯೂಆರ್ ಅದಕ್ಕೆ ಬದಲಾಯಿಸಿದೆ. ಮನೆ ದುಡ್ಡು ಮನೆ ಖಾತೆಗೆ, ಅಂಗಡಿ ದುಡ್ಡು ಅಂಗಡಿ ಖಾತೆಗೆ. ಕ್ಯಾಶ್ ಬದಲಾಯಿಸಿ ಕೊಡುವುದನ್ನು ನಿಲ್ಲಿಸಿದೆ. ಎರಡು ವಾರ ಜನ ಮುಖ ಗಂಟು ಹಾಕಿಕೊಂಡರು, ಆಮೇಲೆ ಮರೆತರು.

ಎರಡನೇದು ಬಿಲ್ಲಿಂಗ್ ಆ್ಯಪ್. ಮೊಬೈಲಿನಲ್ಲೇ ಓಡುವಂಥದ್ದು, ಕನ್ನಡ ಇರುವಂಥದ್ದು ಹುಡುಕಿದೆ. ಇಷ್ಟರಲ್ಲೇ ಒಬ್ಬರು ಟೈ ಕಟ್ಟಿಕೊಂಡು ಬಂದು, ಸರ್ ಇದರಲ್ಲಿ ಎಐ ಇದೆ, ನಾಳೆ ಎಷ್ಟು ಬ್ರೆಡ್ ಹೋಗುತ್ತೆ ಅಂತ ಅದೇ ಹೇಳುತ್ತೆ, ವರ್ಷಕ್ಕೆ 36 ಸಾವಿರ ಅಂದರು. ನಾಳೆ ಎಷ್ಟು ಬ್ರೆಡ್ ಹೋಗುತ್ತೆ ಅಂತ ನನ್ನ ಹೆಂಡತಿ ಪುಕ್ಕಟೆ ಹೇಳುತ್ತಾಳೆ. ನಾನು ತೆಗೆದುಕೊಂಡಿದ್ದು ಅದರ ಹತ್ತನೇ ಒಂದು ಭಾಗದ ಬೆಲೆಯದ್ದು. ಒಂದು ಪುಟ್ಟ ಬಿಲ್ ಪ್ರಿಂಟರ್, ಒಂದು ಬಾರ್‌ಕೋಡ್ ಸ್ಕ್ಯಾನರ್, ಎಲ್ಲ ಸೇರಿ ಮೊದಲ ವರ್ಷ ಏಳೂವರೆ ಸಾವಿರದ ಒಳಗೆ ಮುಗಿಯಿತು.

ದುಡ್ಡಿಗಿಂತ ಕಷ್ಟ ಇದ್ದಿದ್ದು ಐಟಂ ಏರಿಸುವುದು. ನನ್ನ ಪುಟ್ಟ ಅಂಗಡಿಯಲ್ಲಿ ಎಷ್ಟು ಬಗೆ ಮಾಲಿದೆ ಅಂತ ಕೇಳಿದ್ದರೆ ಒಂದು ನಾನೂರು ಅಂತಿದ್ದೆ. 1,140 ಇತ್ತು! ಪಿಯುಸಿ ಓದುವ ಮಗ ರಾತ್ರಿ ಊಟ ಆದ ಮೇಲೆ ಒಂದೊಂದು ಕಪಾಟು ಮುಗಿಸುತ್ತಿದ್ದ. ಕಂಪನಿ ಪ್ಯಾಕೆಟ್‌ಗಳದ್ದು ಸಲೀಸು, 890ರಿಂದ ಶುರುವಾಗುವ ಬಾರ್‌ಕೋಡ್ ಇರುತ್ತದೆ, ಕುಯ್ ಅನ್ನಿಸಿದರೆ ಆಯಿತು. ಬಿಡಿ ಬೇಳೆ, ಮಂಡಕ್ಕಿ, ಬೆಲ್ಲ ಇವಕ್ಕೆ ನಾವೇ ಹೆಸರು ಕೊಡಬೇಕು. ಅವನು ಮಂಡಕ್ಕಿಯನ್ನು ಲೀಟರ್ ಅಂತ ಏರಿಸಿಬಿಟ್ಟಿದ್ದ. ಯಾಕೋ ಅಂದರೆ, "ಅಪ್ಪಾ, ನೀನು ಸೇರಲ್ಲಿ ಅಳೀತೀಯಲ್ಲ, ಅದಕ್ಕೆ" ಅಂದ. ಅದೂ ಸರಿಯೇ.

ಎರಡು ತಿಂಗಳಿಗೆ ಆ ಆ್ಯಪ್ ನನ್ನ ಬಂಡವಾಳ ಬಯಲು ಮಾಡಿತು. ನಾನು ಲಾಭ ಅಂದುಕೊಂಡಿದ್ದ ಕಡೆ ನಷ್ಟ. ಡಿಸ್ಟ್ರಿಬ್ಯೂಟರ್ ಕಡೆಯಿಂದ ಆರ್ಡರ್ ಬರೆದುಕೊಳ್ಳುವ ಲೈನ್ ಹುಡುಗ ಬಂದು "ಅಣ್ಣಾ ಸ್ಕೀಮ್ ಐತಿ, ಹನ್ನೆರಡು ತಗೊಂಡ್ರೆ ಒಂದು ಫ್ರೀ" ಅಂದರೆ ಹನ್ನೆರಡು ಬಾಕ್ಸ್ ಹಾಕಿಸಿಕೊಳ್ಳುತ್ತಿದ್ದೆ. ಹೋಗುತ್ತಿದ್ದುದು ಏಳು. ಉಳಿದಿದ್ದು ಅಟ್ಟದ ಮೇಲೆ. ಒಂದು ಭಾನುವಾರ ಅಟ್ಟ ಹತ್ತಿ ಇಳಿಸಿ ನೋಡಿದರೆ ತಾರೀಖು ಮುಗಿದ ಓಟ್ಸ್, ನೂಡಲ್ಸ್, ಯಾವುದೋ ಹೊಸ ರುಚಿಯ ಬಿಸ್ಕತ್ತು, ಒಟ್ಟು 9,300 ರೂಪಾಯಿ ಮಾಲು. ಇಲಿ ಕೂಡ ಮುಟ್ಟಿರಲಿಲ್ಲ ಆ ಬಿಸ್ಕತ್ತು. ಮೊದಲೇ ಹೇಳಿದ್ದರೆ ಡಿಸ್ಟ್ರಿಬ್ಯೂಟರ್ ಅಷ್ಟಿಷ್ಟು ವಾಪಸ್ ತಗೊಳ್ಳುತ್ತಿದ್ದರು, ಮುಗಿದ ಮೇಲೆ ಯಾರು ತಗೊಳ್ಳುತ್ತಾರೆ? ಈಗ 45 ದಿನ ಮುಂಚೆ ಫೋನ್ ಟಿಂಗ್ ಅನ್ನುತ್ತದೆ. ಆ ಮಾಲನ್ನು ಮುಂದಿನ ಸಾಲಿಗೆ ತಂದು ಎರಡು ರೂಪಾಯಿ ಇಳಿಸಿ ಖಾಲಿ ಮಾಡುತ್ತೇನೆ. ಲೈನ್ ಹುಡುಗನಿಗೂ ಫೋನ್ ತಿರುಗಿಸಿ ತೋರಿಸುತ್ತೇನೆ, ನೋಡಪ್ಪಾ ಇದು ತಿಂಗಳಿಗೆ ಏಳೇ ಹೋಗೋದು. ಅವನೂ ಈಗ ಜಾಸ್ತಿ ಜಗ್ಗಲ್ಲ.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತಲ್ಲ, ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ಎಲ್ಲ 18ರಿಂದ 5ಕ್ಕೆ ಇಳಿಯಿತು. ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಜನ ಬಂದು, ಟಿವಿಯಲ್ಲಿ ಕಡಿಮೆ ಅಂದ್ರು, ನೀವ್ಯಾಕೆ ಹಳೇ ರೇಟು ಅಂತ ಶುರು. ಹಿಂದಿನ ರಾತ್ರಿಯೇ ಯಾವುದು ಎಷ್ಟು ಉಳಿದಿದೆ ಅಂತ ಪಟ್ಟಿ ತೆಗೆದಿಟ್ಟಿದ್ದೆ. ಆ ಪಟ್ಟಿ ತೋರಿಸಿದ್ದಕ್ಕೆ ನಮ್ಮ ಕೆಲವು ಡಿಸ್ಟ್ರಿಬ್ಯೂಟರುಗಳು ಹಳೇ ಸ್ಟಾಕಿನ ವ್ಯತ್ಯಾಸ ಕೊಟ್ಟರು. ಪಟ್ಟಿ ಇಲ್ಲದ ಅಂಗಡಿಯವರು ಅಂದಾಜಲ್ಲಿ ಕೇಳಿದರು, ಅಂದಾಜಲ್ಲೇ ಸಿಕ್ಕಿತು.

ಕರೆಂಟಿನ ಕಥೆಯೂ ಇದೇ. ತಂಪು ಪಾನೀಯದ ಕಂಪನಿಯವರು ಗಾಜಿನ ಬಾಗಿಲಿನ ಕೂಲರ್ ಪುಕ್ಕಟೆ ಕೊಟ್ಟಿದ್ದರು. ಕೂಲರ್ ಅವರದು, ಕರೆಂಟ್ ನಮ್ಮದು. ಸಾವಿರ ರೂಪಾಯಿಯ ಸ್ಮಾರ್ಟ್ ಪ್ಲಗ್ ಒಂದು ಸಿಕ್ಕುತ್ತದೆ, ಅದರ ಮೂಲಕ ಹಾಕಿದರೆ ಎಷ್ಟು ಯೂನಿಟ್ ಎಳೆಯುತ್ತೆ ಅಂತ ಫೋನಿನಲ್ಲಿ ಕಾಣುತ್ತದೆ. ದಿನಕ್ಕೆ 6 ಯೂನಿಟ್! ನನ್ನ ಬಿಲ್ಲಿನಲ್ಲಿ ಎಲ್ಲ ಸೇರಿ ಯೂನಿಟ್ಟಿಗೆ ಎಂಟು ರೂಪಾಯಿ ಹತ್ತಿರ ಬೀಳುತ್ತದೆ, ಅಂದರೆ ತಿಂಗಳಿಗೆ 1,400 ಮೇಲೆ. ಚಳಿಗಾಲದಲ್ಲಿ ಆ ಕೂಲರಿನಿಂದ ಬರುವ ಲಾಭ 600 ದಾಟಲ್ಲ ಅಂತ ಆ್ಯಪ್ ಹೇಳಿತು. ಈಗ ದೀಪಾವಳಿಗೆ ಆಫ್ ಮಾಡಿದರೆ ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋದ ಮೇಲೆಯೇ ಆನ್. ಹಾಲು ಮೊಸರಿಗೆ ನಮ್ಮದೇ ಸಣ್ಣ ಫ್ರಿಜ್ ಸಾಕು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಬಡ್ಡಿಯಲ್ಲಿ ಆಯಿತು, ಇದನ್ನು ನಾನು ಎಣಿಸಿರಲೇ ಇಲ್ಲ. ಹಬ್ಬದ ಮಾಲಿಗೆ ಪ್ರತಿ ವರ್ಷ ಕೈಸಾಲ ತರುತ್ತಿದ್ದೆ, ನೂರಕ್ಕೆ ತಿಂಗಳಿಗೆ ಮೂರು. ವರ್ಷಕ್ಕೆ ನೂರಕ್ಕೆ 36 ಆಯಿತು. ಬ್ಯಾಂಕಿಗೆ ಹೋದರೆ ಪೇಪರ್ ಏನಿದೆ ಅಂತಿದ್ದರು, ಏನೂ ಇರಲಿಲ್ಲ. ಈ ಸಲ ಕರೆಂಟ್ ಖಾತೆಯ ಎಂಟು ತಿಂಗಳ ಸ್ಟೇಟ್‌ಮೆಂಟ್, ಖರೀದಿ ಬಿಲ್ಲುಗಳು, ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರ ಹಿಡಿದು ಹೋದೆ. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ, ಅದು 50 ಸಾವಿರದಿಂದ 5 ಲಕ್ಷದವರೆಗೆ, ಎರಡು ಲಕ್ಷ ಸಿಕ್ಕಿತು. ಬಡ್ಡಿ ಮೊದಲಿನದರ ಮೂರನೇ ಒಂದು ಭಾಗ. ಹೇಳಲು ಮರೆತೆ, ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ನಮ್ಮ ಬೀದಿಯಲ್ಲಿ ಒಬ್ಬರು ಇದಕ್ಕೇ ಏಜೆಂಟಿಗೆ 2,500 ಕೊಟ್ಟಿದ್ದಾರೆ.

ಇನ್ನು ಮೋಸದ ವಿಷಯ. ತಂತ್ರಜ್ಞಾನ ಬಂದ ದಾರಿಯಲ್ಲೇ ಕಳ್ಳನೂ ಬರುತ್ತಾನೆ.

ಒಂದು ಶುಕ್ರವಾರ ಸಂಜೆ, ಅಂಗಡಿ ತುಂಬ ಜನ. ಒಬ್ಬ ಹುಡುಗ ಎಣ್ಣೆ ಟಿನ್ ತಗೊಂಡು ಫೋನ್ ಎತ್ತಿ ತೋರಿಸಿದ, ಹಸಿರು ಟಿಕ್ ಇತ್ತು, ನನ್ನ ಅಂಗಡಿ ಹೆಸರೂ ಇತ್ತು, 2,260 ರೂಪಾಯಿ. ದುಡ್ಡು ಬಂದರೆ ಕೂಗಿ ಹೇಳುವ ನಮ್ಮ ಸ್ಪೀಕರ್ ಮಾತಾಡಲಿಲ್ಲ. "ನೆಟ್‌ವರ್ಕ್ ಇಲ್ಲ ಅಂಕಲ್, ಬರುತ್ತೆ" ಅಂದ. ನಾನೂ ಹೌದು ಅಂದುಕೊಂಡೆ, ಅಷ್ಟರಲ್ಲಿ ಯಾರೋ ಕಾಲು ಕೆಜಿ ರವೆ ಕೇಳಿದರು. ರಾತ್ರಿ ನೋಡಿದರೆ ದುಡ್ಡು ಬಂದೇ ಇಲ್ಲ. ನಕಲಿ ಆ್ಯಪ್, ಅದರಲ್ಲಿ ಯಾರ ಹೆಸರು ಎಷ್ಟು ದುಡ್ಡು ಬೇಕಾದರೂ ತೋರಿಸಬಹುದಂತೆ. ಈಗ ನಿಯಮ ಒಂದೇ: ಅವರ ಫೋನ್ ನಾನು ನೋಡುವುದೇ ಇಲ್ಲ. ನಮ್ಮ ಸ್ಪೀಕರ್ ಕೂಗಬೇಕು, ಇಲ್ಲಾ ನನ್ನ ಫೋನಿನಲ್ಲಿ ಜಮಾ ಕಾಣಬೇಕು. ಸ್ಪೀಕರಿಗೆ ತಿಂಗಳಿಗೆ ನೂರು ಚಿಲ್ಲರೆ ಬಾಡಿಗೆ, ಹೋಗಲಿ ಬಿಡಿ, ಒಂದು ಟಿನ್ ಉಳಿದರೆ ಒಂದೂವರೆ ವರ್ಷದ ಬಾಡಿಗೆ ಬಂತು. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಒಂದು ರೂಪಾಯಿ ನಾನೇ ಹಾಕಿ ನೋಡುತ್ತೇನೆ. ರಾತ್ರಿ ಹೊತ್ತು ನಮ್ಮ ಸ್ಟಿಕ್ಕರ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವವರೂ ಇದ್ದಾರೆ.

"ತಪ್ಪಾಗಿ ನಿಮಗೆ 5,000 ಬಂದಿದೆ, ವಾಪಸ್ ಹಾಕಿ" ಅಂತ ಫೋನ್ ಬಂದರೆ, ಬ್ಯಾಂಕಿಗೆ ದೂರು ಕೊಡಿ, ಅವರ ಮೂಲಕವೇ ಬರಲಿ ಅನ್ನಿ. ದುಡ್ಡು ಬರಬೇಕಾದರೆ ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ, ಪಿನ್ ಕೇಳಿತು ಅಂದರೆ ಹೋಗುತ್ತಿದೆ ಅಂತಲೇ ಅರ್ಥ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್) ಬಂದರೆ ಮುಟ್ಟಬೇಡಿ, ಅಂಗಡಿ ಫೋನಿನಲ್ಲಂತೂ ವಾಟ್ಸಾಪ್ ಗ್ರೂಪೇ ಬೇಡ. ಏನಾದರೂ ಆಗಿಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ, ದುಡ್ಡು ಕೈಯಿಂದ ಕೈಗೆ ಹೋಗುವ ಮುಂಚೆ ತಡೆಯಬೇಕು.

ಖಾತೆ ಸ್ಥಗಿತ ಆಗುವ ವಿಷಯ ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೊಬೈಲ್ ಕವರ್ ಮಾರುವ ಗೆಳೆಯನೊಬ್ಬನ ಖಾತೆ ಒಂದು ದಿನ ಇದ್ದಕ್ಕಿದ್ದಂತೆ ನಿಂತಿತು. ಯಾರೋ ಯಾರಿಗೋ ಬೇರೆ ರಾಜ್ಯದಲ್ಲಿ ಮೋಸ ಮಾಡಿದ ದುಡ್ಡಿನಲ್ಲಿ 3,000 ರೂಪಾಯಿಗೆ ಇವನ ಹತ್ತಿರ ಹೆಡ್‌ಫೋನ್ ತಗೊಂಡಿದ್ದಾನೆ. ಇವನ ತಪ್ಪೇನು? ಬಿಲ್ ಪುಸ್ತಕ ಇತ್ತು, ಕ್ಯಾಮೆರಾ ಇತ್ತು, ಎರಡನ್ನೂ ಕಳಿಸಿಯೂ ಬಿಡಿಸಿಕೊಳ್ಳಲು ಐದು ವಾರ ಹಿಡಿಯಿತು. ಮಕ್ಕಳ ಸ್ಕೂಲ್ ಫೀಸ್ ಕಟ್ಟಿದ್ದು ಇನ್ನೊಂದು ಬ್ಯಾಂಕಿನಲ್ಲಿದ್ದ ಮನೆ ಖಾತೆಯಿಂದ. ಅಂಗಡಿಗೂ ಮನೆಗೂ ಖಾತೆ ಬೇರೆ ಇರಲಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ನನ್ನದೇ ಪೆದ್ದುತನ ಒಂದು ಹೇಳಿಬಿಡುತ್ತೇನೆ. ಉದ್ರಿ ಲೆಕ್ಕ ಎಲ್ಲ ಫೋನಿಗೆ ಏರಿಸಿ, ಹಳೇ ಉದ್ರಿ ಪುಸ್ತಕ ರದ್ದಿಗೆ ಹಾಕಿದೆ. ಒಂದು ಬೆಳಗ್ಗೆ ಅಂಗಡಿ ಮುಂದೆ ನೀರು ಹಾಕುವಾಗ ಬಗ್ಗಿದೆ, ಅಂಗಿ ಜೇಬಿನಿಂದ ಫೋನ್ ಸೀದಾ ಬಕೆಟ್ಟಿಗೆ. ಬ್ಯಾಕಪ್ ಆನ್ ಮಾಡಿರಲಿಲ್ಲ. ಮೂರು ತಿಂಗಳ ಉದ್ರಿ, ಸುಮಾರು 34 ಸಾವಿರ, ನೀರುಪಾಲು. ಮನೆಮನೆಗೆ ಹೋಗಿ ನಿಮ್ಮದೆಷ್ಟು ಅಂತ ಕೇಳಿದೆ. ನಮ್ಮ ಜನ ಒಳ್ಳೆಯವರು, ಮುಕ್ಕಾಲು ಪಾಲು ಬಂತು. ಒಬ್ಬ ಅಜ್ಜಿ ಗೋಡೆ ಮೇಲೆ ಮಸಿಯಲ್ಲಿ ಗೀಟು ಎಳೆದು ಇಟ್ಟಿದ್ದರು, ಗೀಟಿಗೆ ಹತ್ತು ರೂಪಾಯಿಯಂತೆ. ಅವರ ಬ್ಯಾಕಪ್ ಸರಿಯಿತ್ತು.

ಆ್ಯಪಿನಲ್ಲಿ ಇರುವುದೆಲ್ಲ ಬಳಸಬೇಕು ಅಂತಲೂ ಇಲ್ಲ. ಬಾಕಿ ಇದ್ದವರಿಗೆ ತಾನಾಗಿ ಮೆಸೇಜ್ ಹೋಗುವಂತೆ ಮಾಡಿದ್ದೆ. ನಿವೃತ್ತ ಮೇಷ್ಟ್ರೊಬ್ಬರು, ಅಂಗಡಿ ತೆರೆದ ದಿನದಿಂದ ಬರುತ್ತಿರುವವರು, ಮರುದಿನ ಬಂದು 640 ರೂಪಾಯಿ ಗಲ್ಲಾದ ಮೇಲೆ ಇಟ್ಟರು. "ಏನಪ್ಪಾ, ಮಶೀನ್ ಕೈಲಿ ಕೇಳಿಸ್ತೀಯಾ? ನೀನೇ ಕೇಳಿದ್ರೆ ಕೊಡ್ತಿರಲಿಲ್ವಾ?" ಅಂದರು. ಆಮೇಲೆ ಒಂದು ತಿಂಗಳು ಈ ಕಡೆ ಬರಲಿಲ್ಲ. ಅವತ್ತೇ ಅದನ್ನು ಆಫ್ ಮಾಡಿದೆ.

ನಾನು ಕೇಳುವುದು ಇಷ್ಟು. ನೋಟಿಸ್ ಬಂದ ಮೇಲೆ ಜಾಗೃತಿ ಶಿಬಿರ ಮಾಡುವ ಬದಲು, ವರ್ಷಕ್ಕೊಂದು ಸಲ ಅಂಗಡಿ ರಜೆಯ ದಿನ ನೋಡಿ ಇಲಾಖೆಯವರು, ಬ್ಯಾಂಕಿನವರು, ವರ್ತಕರ ಸಂಘದವರು ಒಂದೇ ಕಡೆ ಅರ್ಧ ದಿನ ಕೂರಲಿ. ಭಾಷಣ ಬೇಡ, ಹಾರ ಬೇಡ. ನಾವು ನಮ್ಮ ಸ್ಟೇಟ್‌ಮೆಂಟ್ ತರುತ್ತೇವೆ, ಯಾವುದು ವ್ಯಾಪಾರ ಯಾವುದು ಅಲ್ಲ ಅಂತ ಬೆರಳಿಟ್ಟು ತೋರಿಸಿಕೊಡಿ. ನೋಟಿಸ್ ಮತ್ತು ರಿಟರ್ನ್ ಫಾರಂ ಕನ್ನಡದಲ್ಲಿ ಬರಲಿ. ಪೇಮೆಂಟ್ ಆ್ಯಪಿನವರು, ಬಂದ ದುಡ್ಡಿಗೆ 'ವ್ಯಾಪಾರ', 'ಸ್ವಂತ' ಅಂತ ಅವತ್ತೇ ಗುರುತು ಹಾಕುವ ಒಂದು ಗುಂಡಿ ಕೊಡಲಿ.

ಪಕ್ಕದ ಅಂಗಡಿಯವರು ಮೊನ್ನೆ ತಮ್ಮ ಬೋರ್ಡ್ ಗಲ್ಲಾ ಕೆಳಗಿಂದ ತೆಗೆದು ಧೂಳು ಒರೆಸುತ್ತಿದ್ದರು. ಮತ್ತೆ ಹಾಕ್ತೀರಾ ಅಂದೆ. "ಹಾಕ್ತೀನಿ, ಆದ್ರೆ ಮೊದ್ಲು ನಿಮ್ ಮಗನ್ನ ಒಂದ್ವಾರ ರಾತ್ರಿ ಹೊತ್ತು ಕಳ್ಸಿ" ಅಂದರು. ಕಳಿಸುತ್ತಿದ್ದೇನೆ. ಮಂಡಕ್ಕಿ ಕೆಜಿ ಅಂತ ಏರಿಸು ಅಂತ ಹೇಳಿದ್ದೇನೆ.

ಇಂತಿ,
ಒಬ್ಬ ಕಿರಾಣಿ ಅಂಗಡಿಯವ, ದಾವಣಗೆರೆ